ಹತ್ತು ಸರಪಳಿ ದೂರ

ನಮ್ಮೂರ ಸ್ಕೂಲು ಒಂದು ಕಡೆ ಕೂತಿರೋ ಜಾತಿಯದ್ದಲ್ಲ. ಮೂರು ಕೋಣೆ, ಒಂದು ಜಗಲಿ, ಮುಂದುಗಡೆ ಬಾವುಟದ ಕಂಬ, ಎಲ್ಲಾನೂ ಎತ್ತಿಕೊಂಡು ಮನಸ್ಸಾದಾಗ ಹೊರಟುಬಿಡುತ್ತೆ. ಹೆಚ್ಚಾಗಿ ಲೆಕ್ಕದ ಪಿರಿಯಡ್ಡಿನಲ್ಲಿ. ಮೇಷ್ಟ್ರು ಹದಿಮೂರರ ಮಗ್ಗಿ ಹಿಡಿದರು ಅಂದ್ರೆ ತೊಲೆಗಳು ಒಂದು ಸಲ ಲಟಕ್ ಅನ್ನುತ್ತವೆ, ಮಕ್ಕಳು ಸ್ಲೇಟು ಎದೆಗೆ ಅವುಚಿಕೊಳ್ಳುತ್ತವೆ, ಸ್ಕೂಲು ಎದ್ದೇಬಿಡುತ್ತೆ. ಕೋಳಿ ಅಡ್ಡ ಬಂದರೆ ನಿಂತು, ಅದು ದಾಟಿದ ಮೇಲೆ ಹೋಗುತ್ತೆ. ಬಿಸಿಲಿಗೆ ಹಾಕಿದ ಒಂದು ಹಪ್ಪಳಾನೂ ಇವತ್ತಿನ ತನಕ ತುಳಿದಿಲ್ಲ. ಬಿಸಿಯೂಟದ ಅಡುಗೆಯವಳು ತಳ್ಳುಗಾಡಿ ಮೇಲೇ ಒಲೆ ಹೂಡಿಕೊಂಡು ಸಾರು ಕುದಿಸುತ್ತಾ ಹಿಂದೆ ಓಡ್ತಾಳೆ. ಯಾರ ಮನೆ ಅಂಗಳದಲ್ಲಿ ಸ್ಕೂಲು ಬಂದು ಕೂತಿತೋ ಆ ಮನೆಯವರು ಮಕ್ಕಳಿಗೆಲ್ಲ ಕಡ್ಲೆಪುರಿ ಬೆಲ್ಲ ಹಂಚಬೇಕು, ಅದು ನಮ್ಮೂರ ಪದ್ಧತಿ. ಮದುವೆ ಮುಂಜಿಗಿಂತ ಅದೇ ದೊಡ್ಡ ಸಂಭ್ರಮ. ಊರಲ್ಲಿ ಅದು ಬರದೇ ಇದ್ದ ಕಡೆ ಅಂದ್ರೆ ನಮ್ಮ ಬೀದಿ ಒಂದೇ. ನಾನೂ ಬಿಡಲಿಲ್ಲ, ಪ್ರತಿ ಸೋಮವಾರ ಹೊಸ ಪುರಿ ತಂದು ಡಬ್ಬ ತುಂಬಿಸಿ ಇಡ್ತಿದ್ದೆ. ಭಾನುವಾರದ ಹೊತ್ತಿಗೆ ಅದು ಮೆತ್ತಗಾಗೋದು, ನಾನೇ ತಿಂದು ಮುಗಿಸ್ತಿದ್ದೆ.

ನಾನು ದೇವೀರಮ್ಮ. ಊರಿನವರ ಬಾಯಲ್ಲಿ ಅಳತೆ ದೇವೀರಕ್ಕ. ಪಂಚಾಯಿತಿಯಲ್ಲಿ ಜಾಗ ಅಳೆಯೋ ಕೆಲಸ ನಂದು. ನೂರು ಅಡಿ ಉದ್ದದ ಕಬ್ಬಿಣದ ಸರಪಳಿ, ಅಡಿಗೊಂದು ಕೊಂಡಿ. ನಮ್ಮಲ್ಲಿ ಅಳತೆ ಅಂದ್ರೆ ನೇರ ಗೀಟು, ದಾರಿ ಹಿಡಿದು ಸುತ್ತಿ ಹೋಗೋ ಹಾಗಿಲ್ಲ. ಮನೆ ಅಡ್ಡ ಬಂದರೆ ಮುಂಬಾಗಿಲಲ್ಲಿ ಹೊಕ್ಕು ಹಿಂಬಾಗಿಲಲ್ಲಿ ಹೊರಡಬೇಕು. "ಅಳತೆ ಬಂತು!" ಅಂತ ಕೂಗಿದರೆ ಸಾಕು, ಊಟಕ್ಕೆ ಕೂತವರು ಎಲೆ ಎತ್ತಿ ಜರುಗಿ ಕೂರ್ತಾರೆ, ಬಾಣಂತಿ ತೊಟ್ಟಿಲು ಪಕ್ಕಕ್ಕೆ ಎಳೀತಾಳೆ, ಯಾರೋ ಕೈಗೆ ಒಂದು ಲೋಟ ಕಾಫಿ ಇಡ್ತಾರೆ. ಹದಿನಾರು ವರ್ಷದಲ್ಲಿ ನಾನು ಒಂದು ಕೊಂಡಿ ಹೆಚ್ಚು ಕಮ್ಮಿ ಬರೆದೋಳಲ್ಲ. ಹಾಗಂತ ನನಗೆ ಸ್ವಲ್ಪ ಕೊಬ್ಬೂ ಇತ್ತು, ಇಲ್ಲ ಅನ್ನಲ್ಲ.

ಇನ್ನು ಬೋರಲಿಂಗನ ವಿಷಯ. ಹೇಳಲೇಬೇಕು, ಬೇಗ ಹೇಳಿಬಿಡ್ತೀನಿ. ಪಾತ್ರೆಗೆ ಕಲಾಯಿ ಹಾಕೋನು. ಐದು ವರ್ಷದ ಹಿಂದೆ ನಮ್ಮ ಬೀದಿ ತುದಿಯಲ್ಲಿ ಗುಂಡಿ ತೋಡಿ, ಇದ್ದಲು ಸುರಿದು, ಬೆಂಕಿಗೆ ಗಾಳಿ ಊದೋ ತಿದಿ ಒತ್ತುತ್ತಾ ಕೂತಿರ್ತಿದ್ದ. ಬುಸ್ಸ್, ಬುಸ್ಸ್ ಅಂತ ದಿನವಿಡೀ ಆ ತಿದಿಯ ಸದ್ದು. ನಾನು ಸ್ನಾನಕ್ಕೆ ಹೋದಾಗೆಲ್ಲ ಆ ಸದ್ದು ನಿಲ್ತಿತ್ತು. ಅದು ಯಾಕೆ ನಿಲ್ತಿತ್ತು ಅಂತ ನನಗೆ ಗೊತ್ತಾಗಿದ್ದು ನಾಲ್ಕು ತಿಂಗಳಾದ ಮೇಲೆ, ಬಚ್ಚಲುಮನೆಯ ಸೂರಿನಲ್ಲಿ ಒಂದು ಹೆಂಚು ಸರಿದಿದ್ದು ಕಂಡು ತಲೆ ಎತ್ತಿದಾಗ. ಅಲ್ಲಿ ಒಂದು ಕಣ್ಣಿತ್ತು. ಹಿತ್ತಲ ಗೋಡೆಯಾಚೆ ಖಾಲಿ ಸೈಟಿದೆ, ಅಲ್ಲಿಂದ ಗೋಡೆ ಹತ್ತುತ್ತಿದ್ದ. ನಾನು ಸುಮ್ಮನಿರೋಳಲ್ಲ, ದೂರು ಕೊಟ್ಟೆ. ಕೋರ್ಟು ಅವನಿಗೆ ಎರಡು ವರ್ಷ ಜೈಲು ಹಾಕಿತು. ನಾನು ಹೆಂಚಿನ ಮೇಲೆ ಹೆಂಚು, ಅದರ ಮೇಲೆ ತಗಡು ಹೊಡೆಸಿ, ಮಟಮಟ ಮಧ್ಯಾಹ್ನವೂ ಕತ್ತಲಾಗಿರೋ ಬಚ್ಚಲಲ್ಲಿ ಲಂಗ ಉಟ್ಟುಕೊಂಡೇ ಸ್ನಾನ ಮಾಡೋದು ಕಲಿತೆ. ನನ್ನ ಮನೆ, ನನ್ನ ನೀರು, ನನ್ನ ಮೈ, ಆದ್ರೂ ಕಳ್ಳಿ ಥರ ತೊಳ್ಕೋಬೇಕಿತ್ತು.

ಅವನು ಜೈಲಿಂದ ಬರೋ ವಾರ ಪಂಚಾಯಿತಿ ಅಧ್ಯಕ್ಷ ಪುಟ್ಟಸಿಂಗಾರಯ್ಯನವರು ಸಭೆ ಕರೆದರು. ಒಳ್ಳೇ ಮನುಷ್ಯ, ಆದ್ರೆ ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಪೈಕಿ. "ಇಂಥವರ ಹೆಸರಿಗೆ ಒಂದು ಪಟ್ಟಿ ಮಾಡೋಣ. ಪಟ್ಟಿಯಲ್ಲಿರೋನು ಸ್ಕೂಲಿಂದ ಸಾವಿರ ಅಡಿ, ಅಂದ್ರೆ ಹತ್ತು ಸರಪಳಿ ಒಳಗೆ ವಾಸ ಇರಕೂಡದು. ಇದ್ದರೆ ಮತ್ತೆ ಜೈಲು" ಅಂದರು. ಚಪ್ಪಾಳೆಯೋ ಚಪ್ಪಾಳೆ. ಪಟ್ಟಿಯಲ್ಲಿದ್ದದ್ದು ಒಂದೇ ಹೆಸರು. ನಿಯಮಕ್ಕೆ ಏನು ಹೆಸರಿಟ್ಟರು ಗೊತ್ತಾ? ದೇವೀರಮ್ಮ ನಿಯಮ! ನನ್ನನ್ನ ಒಂದು ಮಾತು ಕೇಳಿದವರಿಲ್ಲ. "ಹೆಸರು ಶಾಶ್ವತವಾಯ್ತಲ್ಲಮ್ಮ" ಅಂತ ಅಧ್ಯಕ್ಷರು ಹಾರ ಹಾಕಿದರು. ಹಾರದಲ್ಲಿ ಇರುವೆ ಇದ್ದವು.

ಸ್ಕೂಲು ಕಾಲಿದ್ದದ್ದು ಅಂತ ಆ ಸಭೆಯಲ್ಲಿ ಒಬ್ಬರಿಗೂ ನೆನಪಾಗಲಿಲ್ಲ ನೋಡಿ. ಹುಟ್ಟಿದಾಗಿಂದ ನೋಡ್ತಿರೋದನ್ನ ಯಾರು ನೆನಪಿಟ್ಟುಕೊಳ್ತಾರೆ! ಬೋರಲಿಂಗ ಊರ ಮೂಡಲಿಗೆ ಗುಡಿಸಲು ಹಾಕಿದ, ನಾನು ಅಳೆದು ಹದಿಮೂರು ಸರಪಳಿ ಅಂತ ಬರೆದೆ. ಮಾರನೇ ದಿನ ಸ್ಕೂಲು ಎದ್ದು ಹೋಗಿ ಅವನ ಪಕ್ಕದ ಹುಣಸೆಮರದ ನೆರಳಲ್ಲಿ ಕೂತಿತು. ಅವನು ಚಾಪೆ ಸುತ್ತಿ, ತಿದಿ ಹೆಗಲಿಗೇರಿಸಿ ಪಡುವಲಿಗೆ ಓಡಿದ. ಅಲ್ಲಿ ಗುಂಡಿ ತೋಡಿ ಇದ್ದಲು ಕಾಯೋ ಹೊತ್ತಿಗೆ ಸ್ಕೂಲು ಹದಿಮೂರರ ಮಗ್ಗಿಯಿಂದ ತಪ್ಪಿಸಿಕೊಂಡು ಪಡುವಲಿಗೇ ಬಂತು. ಮೂರು ವರ್ಷದಲ್ಲಿ ನೂರ ನಲವತ್ತೊಂದು ಗುಂಡಿ ತೋಡಿದ ಅವನು. ಜನ ಆ ಗುಂಡಿಗಳಲ್ಲಿ ಬಾಳೆ, ಪಪ್ಪಾಯಿ ನೆಟ್ಟರು, ಚೆನ್ನಾಗೇ ಬಂದವು. ಪೊಲೀಸು ಕಾನ್‌ಸ್ಟೇಬಲ್ ದಿನಾ ಅವನನ್ನ ಹುಡುಕಬೇಕು, ಸಿಕ್ಕದೆ ನನ್ನ ಹತ್ತಿರ ಬಂದು "ದೇವೀರಕ್ಕ, ಇವತ್ತು ನಿಮ್ಮೋನು ಎಲ್ಲಿ?" ಅನ್ನೋನು. ನಿಮ್ಮೋನಂತೆ! ನನಗೆ ಉರಿದುಹೋಗೋದು. ಯಾಕಂದ್ರೆ ಪ್ರತಿ ಸಲ ಅಳೆಯೋಳು ನಾನೇ. ಯಾವ ಮುಖಾನ ಈ ಜನ್ಮದಲ್ಲಿ ನೋಡಬಾರದು ಅಂದ್ಕೊಂಡಿದ್ದೆನೋ, ಆ ಮುಖಾನ ನನ್ನ ಹೆಸರಿನ ನಿಯಮ ವಾರಕ್ಕೊಂದು ಸಲ ತಂದು ತೋರಿಸ್ತಿತ್ತು. ಅವನು ತಲೆ ತಗ್ಗಿಸಿ ನಿಲ್ಲೋನು, ನಾನು ಕೊಂಡಿ ಎಣಿಸ್ತಾ ದಾಟಿ ಹೋಗ್ತಿದ್ದೆ. ಮನೆಗೆ ಬಂದು ಸ್ನಾನ ಮಾಡೋಣ ಅಂದ್ರೆ ಮತ್ತೆ ಅದೇ ಕತ್ತಲು.

ಮೂರು ವರ್ಷ ಹೀಗೇ ಆದ ಮೇಲೆ ಅಧ್ಯಕ್ಷರಿಗೆ ಒಂದು ಐಡಿಯಾ ಬಂತು. ಸ್ಕೂಲಿನ ಹಿಂದೆ ಓಡಿ ಸಾಕಾಯ್ತು, ಅದು ಇದುವರೆಗೆ ಎಲ್ಲೆಲ್ಲಿ ಕೂತಿದೆಯೋ ಆ ಜಾಗಗಳಿಂದೆಲ್ಲ ಹತ್ತು ಸರಪಳಿ ಬಿಡಿಸಿಬಿಡೋಣ, ಒಂದೇ ಸಲಕ್ಕೆ ಮುಗಿದುಹೋಗುತ್ತೆ ಅಂತ ತಿದ್ದುಪಡಿ ತಂದರು. ನಕ್ಷೆ ಹಾಸಿ, ಸ್ಕೂಲು ಕೂತ ಜಾಗಕ್ಕೆಲ್ಲ ಒಂದೊಂದು ಹುಣಸೆಬೀಜ ಇಟ್ಟು, ಸುತ್ತ ಬಳೆ ಇಟ್ಟು ಗೀಟೆಳೆದರು. ಇಡೀ ಊರು ಮುಚ್ಚಿಹೋಯಿತು. ಊರಾಚೆಯ ಗದ್ದೆ, ಕೆರೆ ಏರಿ, ಸ್ಮಶಾನ ಎಲ್ಲ ಹೋಯಿತು, ಸ್ಕೂಲು ಒಂದು ಸಲ ಅಲ್ಲಿಗೂ ಪಿಕ್‌ನಿಕ್ಕು ಹೋಗಿಬಂದಿತ್ತು. ಒಂದೇ ಒಂದು ಮೂಲೆ ಬೆಳ್ಳಗೆ ಉಳಿಯಿತು. ಅಧ್ಯಕ್ಷರು ಕನ್ನಡಕ ಏರಿಸಿ ನೋಡಿದರು. "ಅಳತೆ ಮಾಡಿ ಖಾತ್ರಿ ಮಾಡಮ್ಮ" ಅಂದರು, ನನ್ನ ಮುಖ ನೋಡದೆ.

ಆ ಬೆಳ್ಳಗಿನ ಮೂಲೆ ನನ್ನ ಹಿತ್ತಲ ಗೋಡೆಯಾಚೆಯ ಖಾಲಿ ಸೈಟು. ಅವನು ಗೋಡೆ ಹತ್ತಿದ ಅದೇ ಸೈಟು.

ಅಳೆದೆ. ಹನ್ನೊಂದು ಮನೆ ಹೊಕ್ಕು ಹೊರಟೆ, ಒಂದು ಕಡೆಯೂ ಕಾಫಿ ಕುಡಿಯಲಿಲ್ಲ. ತೀರಾ ಹತ್ತಿರದ ಹುಣಸೆಬೀಜದ ಜಾಗದಿಂದ ಸೈಟಿನ ಗಡಿಗೆ ಹತ್ತು ಸರಪಳಿ, ನಾಲ್ಕು ಕೊಂಡಿ. ನಾಲ್ಕೇ ನಾಲ್ಕು ಕೊಂಡಿ! ಹಾಗೇ ಗೋಡೆಗೆ ಒರಗಿ ಕೂತುಬಿಟ್ಟೆ. ಒಂಬತ್ತು ಸರಪಳಿ ತೊಂಬತ್ತೆಂಟು ಅಂತ ಬರೆದರೆ ಕೇಳೋರಿಲ್ಲ, ನನ್ನ ಪುಸ್ತಕಾನ ಇನ್ನೊಬ್ಬರು ತಿದ್ದಿದ್ದಿಲ್ಲ. ಬರೆದರೆ ಅವನು ಊರು ಬಿಡ್ತಾನೆ, ಎಲ್ಲಾದರೂ ಹಾಳಾಗಿ ಹೋಗಲಿ. ಆದ್ರೆ ಹದಿನಾರು ವರ್ಷ ಒಂದು ಕೊಂಡಿ ಸುಳ್ಳು ಬರೆಯದ ಕೈ ಇದು, ಆ ಕಣ್ಣಿಗೋಸ್ಕರ ಈಗ ಸುಳ್ಳು ಬರೀಬೇಕಾ? ನನ್ನ ಸ್ನಾನ ತಗೊಂಡ, ನನ್ನ ಹೆಸರು ತಗೊಂಡರು, ಇನ್ನು ನನ್ನ ಅಳತೇನೂ ತಗೊಳ್ತಾರಾ ಅಂತ ಅಳು ಬಂತು. ಗೊಳೋ ಅಂತ ಅತ್ತೆ. ಅತ್ತು ಮುಗಿಸಿ ಮೂಗು ಒರೆಸಿಕೊಂಡು, ಹತ್ತು ಸರಪಳಿ ನಾಲ್ಕು ಕೊಂಡಿ ಅಂತಲೇ ಬರೆದು, ಸರಪಳಿ ಹೆಗಲ ಮೇಲೆ ಹೊತ್ತು ನೆಟ್ಟಗೆ ವಕೀಲರ ಮನೆಗೆ ಹೋದೆ.

ವಕೀಲೆ ಝರೀನಾ ಬಾನು ಅವಾಗ ಅವರೆಕಾಯಿ ಸುಲೀತಿದ್ದರು. ನಾನು ಹೇಳಿದ್ದನ್ನ ಕೇಳುತ್ತಾ ಕೇಳುತ್ತಾ ಸಿಪ್ಪೆಯನ್ನ ಪಾತ್ರೆಗೂ ಕಾಳನ್ನ ಮೊರಕ್ಕೂ ಹಾಕಿದರು. "ಅಲ್ಲ ದೇವೀರಮ್ಮ, ನಿಯಮ ಇರೋದು ನಿನಗೋಸ್ಕರ, ಅದರ ಮೇಲೆ ನೀನೇ ಕೇಸು ಹಾಕ್ತೀಯಾ?" ಅಂದರು. "ನನಗೋಸ್ಕರ ಅಂತ ಬೋರ್ಡಿದೆ ಅಷ್ಟೇ. ನನ್ನ ಹೆಸರು ನನಗೆ ವಾಪಸ್ ಕೊಡಿಸಿ" ಅಂದೆ. ಅವರು ಜೋರಾಗಿ ನಕ್ಕರು. "ಎಮ್ಮೆಗೆ ಜ್ವರ ಬಂದ್ರೆ ಎತ್ತಿಗೆ ಬರೆ ಹಾಕಿದ್ರಂತೆ. ಅವನು ಇಣುಕಿದ್ದು ಬಚ್ಚಲಿಗೆ, ಇವರು ಅಳೀತಿರೋದು ಸ್ಕೂಲಿಂದ. ಹಾಕೋಣ. ಆದ್ರೆ ನಿಯಮ ಬಿದ್ದಿರೋದು ಅವನ ತಲೆ ಮೇಲೆ, ಅವನೂ ಅರ್ಜಿಗೆ ಸಹಿ ಹಾಕಬೇಕಾಗುತ್ತೆ. ಒಂದೇ ಕಾಗದದಲ್ಲಿ ನಿನ್ನ ಹೆಸರು, ಅವನ ಹೆಸರು. ಮಧ್ಯೆ ಎಷ್ಟು ಜಾಗ ಬಿಡಿಸಲಿ?" "ಹತ್ತು ಸರಪಳಿ" ಅಂದೆ. ಕೊನೆಗೆ ಎರಡು ಬೇರೆ ಕಾಗದ ಮಾಡಿಸಿದರು, ಎರಡನ್ನೂ ಬೇರೆ ಬೇರೆ ದಿನ ಕೋರ್ಟಿಗೆ ಕೊಟ್ಟರು, ದಾರದಲ್ಲಿ ಹೊಲಿಯೋಕೂ ಬಿಡಲಿಲ್ಲ ನಾನು.

ನನಗೆ ಅವನ ಮೇಲೆ ಕರುಣೆ ಬಂತು ಅಂತ ತಿಳ್ಕೋಬೇಡಿ. ಊರಿನವರು ಹಾಗೇ ತಿಳ್ಕೊಂಡರು. ನಲ್ಲಿ ಹತ್ತಿರ ಪಕ್ಕದ ಮನೆ ಚೆಲುವಾಜಮ್ಮ ಬಿಂದಿಗೆ ಕುಕ್ಕಿ, "ನನಗೆ ಇಬ್ಬರು ಹೆಣ್ಣುಮಕ್ಕಳಿದ್ದಾವೆ ದೇವೀರಕ್ಕ, ನಿಮಗೇನು ತಲೆ ಕೆಟ್ಟಿದೆಯಾ?" ಅಂದಳು. ಅವಳ ಭಯ ಸುಳ್ಳಲ್ಲ. "ನಿನ್ನೆ ಅವನು ಎಲ್ಲಿ ಮಲಗಿದ್ದ, ಹೇಳು ನೋಡೋಣ" ಅಂದೆ. ಅವಳಿಗೆ ಗೊತ್ತಿರಲಿಲ್ಲ. "ನನಗೂ ಗೊತ್ತಿಲ್ಲ, ಪೊಲೀಸಿಗೂ ಗೊತ್ತಿಲ್ಲ. ನಿನ್ನ ಹೆಣ್ಣುಮಕ್ಕಳಿಗೆ ಇದು ಕ್ಷೇಮ ಅಂತೀಯಾ?" ಚೆಲುವಾಜಮ್ಮ ಬಿಂದಿಗೆ ತುಂಬಿ ಸುರಿಯೋ ತನಕ ನಿಂತಿದ್ದಳು. ಆಮೇಲೆ ಕೋರ್ಟಿನ ದಿನ ಚಿತ್ರಾನ್ನ ಕಟ್ಟಿಕೊಂಡು ಮೊದಲು ಬಂದು ಕೂತವಳು ಅವಳೇ.

ಜಡ್ಜ್ ಸಾಹೇಬರು ಹದಿನೈದು ದಿನಕ್ಕೊಮ್ಮೆ ಬಂದು ಛತ್ರದಲ್ಲಿ ಕೋರ್ಟು ನಡೆಸ್ತಾರೆ. ದಪ್ಪ ಮೈ, ಸಣ್ಣ ದನಿ. ಝರೀನಾ ಅಮ್ಮನವರು ಮೂರು ಮಾತು ಹಿಡಿದು ವಾದ ಮಾಡಿದರು. ಶಿಕ್ಷೆ ಮುಗಿಸಿದ ಮೇಲೆ ಹೊಸ ನಿಯಮ ತಂದು ಮತ್ತೆ ಶಿಕ್ಷೆ ಕೊಟ್ಟ ಹಾಗಾಯ್ತು ಅಂದರು. ನನ್ನ ಹಿತ್ತಲಾಚೆಯ ಸೈಟೊಂದು ಬಿಟ್ಟರೆ ಊರಲ್ಲಿ ನಿಲ್ಲೋಕೇ ಜಾಗ ಇಲ್ಲ ಅಂದ್ರೆ ಅದು ಗಡೀಪಾರು, ಗಡೀಪಾರು ಮಾಡೋ ಅಧಿಕಾರ ಪಂಚಾಯಿತಿಗೆ ಯಾರು ಕೊಟ್ಟರು ಅಂದರು. ನಿಲ್ಲೋಕೆ ಬಿಡದೆ ಓಡಿಸಿದವನ ಮೇಲೆ ಕಣ್ಣಿಡೋದು ಹೇಗೆ ಅಂತ ಕಾನ್‌ಸ್ಟೇಬಲ್ ಕಡೆ ತಿರುಗಿದರು, ಅವನು ಗೋಣು ಆಡಿಸಿದ. ಪಂಚಾಯಿತಿ ಪರವಾಗಿ ಅಧ್ಯಕ್ಷರೇ ಎದ್ದರು. "ಸ್ವಾಮಿ, ಇವರು ಸುಮ್ಮನೆ ದೊಡ್ಡದು ಮಾಡ್ತಿದ್ದಾರೆ. ಸ್ಕೂಲು ಏನು ದಿನಾ ಓಡಾಡುತ್ತಾ? ಈ ವಾರವಿಡೀ ಕುಂಬಾರಬೀದಿಯಲ್ಲೇ ಇದೆ, ಒಂದು ಹೆಜ್ಜೆ..." ಅನ್ನೋ ಹೊತ್ತಿಗೆ ಛತ್ರದ ಕಿಟಕಿಯಾಚೆ ಬಾವುಟದ ಕಂಬ ಕಾಣಿಸಿತು. ಆಮೇಲೆ ಜಗಲಿ, ಆಮೇಲೆ ಮೂರನೇ ಕ್ಲಾಸು. ಮಕ್ಕಳೆಲ್ಲ ಕಿಟಕಿಯಲ್ಲಿ ಕೈ ಬೀಸುತ್ತಾ "ಹದಿಮೂರೇಳ್ಲಿ ತೊಂಬತ್ತೊಂದು!" ಅಂತ ಕಿರುಚಿಕೊಂಡು ಹೋದವು. ಹಿಂದೆ ತಳ್ಳುಗಾಡಿ, ಸಾರಿನ ಘಮ. ಜಡ್ಜ್ ಸಾಹೇಬರು ಎದ್ದು ನಿಂತು ನೋಡಿದರು. "ಕೂತ್ಕೊಳ್ಳಿ ಅಧ್ಯಕ್ಷರೇ" ಅಂದರು. ಇಡೀ ಛತ್ರ ಹೋ ಅಂತ ನಕ್ಕಿತು. ನಾನೂ ನಕ್ಕೆ, ಆ ಐದು ವರ್ಷದಲ್ಲಿ ಅಷ್ಟು ನಕ್ಕಿದ್ದೇ ನೆನಪಿಲ್ಲ.

ನಗು ನಿಂತ ಮೇಲೆ ಸಾಹೇಬರು ನನ್ನ ಕಡೆ ತಿರುಗಿ, "ನಿಯಮಕ್ಕೆ ನಿಮ್ಮ ಹೆಸರಿದೆಯಲ್ಲಮ್ಮ, ನಿಮಗೆ ಏನು ಬೇಕು?" ಅಂದರು. ನೋಡಿ, ಅದೊಂದು ಪ್ರಶ್ನೆ. ಪೊಲೀಸು ಕೇಳಿರಲಿಲ್ಲ, ಅಧ್ಯಕ್ಷರು ಕೇಳಿರಲಿಲ್ಲ, ಹಾರ ಹಾಕಿದವರು ಯಾರೂ ಕೇಳಿರಲಿಲ್ಲ. "ಸ್ಕೂಲಿಂದ ಎಷ್ಟು ದೂರ ಅಂತ ಅಳೀಬೇಡಿ ಸ್ವಾಮಿ, ನನ್ನ ಬಚ್ಚಲಿಂದ ಅಳೀರಿ" ಅಂದೆ. "ಎಷ್ಟು ದೂರ?" ಊರಿಗೆಲ್ಲ ಅಳತೆ ಹೇಳೋಳಿಗೆ ಆ ಅಳತೆ ಗೊತ್ತಿರಲಿಲ್ಲ. ಆಮೇಲೆ ಬಾಯಿಗೆ ತಾನಾಗೇ ಬಂತು. "ಅವನ ತಿದಿ ಕೇಳಿಸಬಾರದು. ಕೇಳಿಸಿದರೆ ಯಾವಾಗ ನಿಲ್ಲುತ್ತೋ ಅಂತ ಕಾಯ್ತಾ ಕೂರಬೇಕಾಗುತ್ತೆ. ಅದು ಊದೋದೂ ಕೇಳಿಸಬಾರದು, ನಿಲ್ಲೋದೂ ಕೇಳಿಸಬಾರದು." ಗೋಡೆ ಪಕ್ಕ ನಿಂತಿದ್ದ ಬೋರಲಿಂಗ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡ. ಮುಚ್ಚಿಕೊಳ್ಳಲಿ. ಸಾಹೇಬರು ಪೆನ್ನಿನ ಮುಚ್ಚಳ ಹಾಕಿ, "ಹಾಗಾದ್ರೆ ಅಳೆದೇ ಬರೋಣ ನಡೀರಿ" ಅಂದರು.

ಅವತ್ತಿನ ಮಧ್ಯಾಹ್ನದ ಮಜಾ ಊರು ಇನ್ನೂ ಹೇಳ್ಕೊಂಡು ನಗುತ್ತೆ. ನಾನು ಬಚ್ಚಲುಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂರಬೇಕು, ತಿದಿ ಕೇಳಿಸಿದಾಗೆಲ್ಲ ಹಿತ್ತಾಳೆ ತಟ್ಟೆ ಬಡೀಬೇಕು. ತಟ್ಟೆ ಕೇಳಿದವರು ಮುಂದಿನವರಿಗೆ ಕೂಗಬೇಕು, ಕೂಗು ತಲುಪಿದ ಕೂಡಲೇ ಬೋರಲಿಂಗ ಇನ್ನೊಂದು ಸರಪಳಿ ಹಿಂದೆ ಹೋಗಿ ತಿದಿ ಒತ್ತಬೇಕು. ನಾನು ಒಳಗಿರೋದರಿಂದ ಸರಪಳಿ ಎಳೆಯೋರು ಯಾರು? "ನಿಯಮ ಮಾಡಿದವರೇ ಎಳೀಲಿ" ಅಂದರು ಸಾಹೇಬರು. ಪುಟ್ಟಸಿಂಗಾರಯ್ಯನವರು ಪಂಚೆ ಎತ್ತಿ ಕಟ್ಟಿ "ಅಳತೆ ಬಂತು!" ಅಂತ ಹೊರಟರು. ಮೊದಲನೇ ಮನೆಯಲ್ಲೇ ಸರಪಳಿ ಒನಕೆಗೆ ಸುತ್ತಿಕೊಂಡಿತು. ಮೂರನೇ ಮನೆಯ ಅಜ್ಜಿ ಅವರ ಕೈಗೆ ಕಾಫಿ ಲೋಟ ಇಟ್ಟು "ಕುಡಿದೇ ಹೋಗಬೇಕು, ಪದ್ಧತಿ" ಅಂತ ಬಾಗಿಲಿಗೆ ಅಡ್ಡ ನಿಂತಳು. ಆರನೇ ಮನೆಯಲ್ಲಿ ದೋಸೆಹಿಟ್ಟಿನ ಪಾತ್ರೆಯಲ್ಲಿ ಕಾಲಿಟ್ಟರು. ಹತ್ತನೇ ಸರಪಳಿಗೆ ಕಾಲು ಬಿಳಿ, ಮುಖ ಕೆಂಪು. "ಸಾಕಲ್ಲ, ಹತ್ತಾಯ್ತಲ್ಲ" ಅಂತ ಗೋಗರೆದರಂತೆ. ನನ್ನ ತಟ್ಟೆ ಇನ್ನೂ ಢಣಢಣ ಅಂತಿತ್ತು. ಹತ್ತು ಅನ್ನೋ ಅಂಕಿ ಅವರ ಬಾಯಲ್ಲಿ ಹುಟ್ಟಿದ್ದು, ನನ್ನ ಕಿವಿಯಲ್ಲಲ್ಲ.

ಒಳಗೆ ನಾನು ಕತ್ತಲಲ್ಲಿ ಹಂಡೆಗೆ ಒರಗಿ ಕೂತಿದ್ದೆ. ಬುಸ್ಸ್. ಢಣ್. ಬುಸ್ಸ್. ಢಣ್. ಹನ್ನೆರಡು, ಹದಿಮೂರು ಅಂತ ಊರೆಲ್ಲ ಸೇರಿ ಎಣಿಸೋದು ಗೋಡೆ ದಾಟಿ ಬರ್ತಿತ್ತು, ಹದಿಮೂರಕ್ಕೆ ಮಕ್ಕಳ ಕೂಗು ಎಲ್ಲರಿಗಿಂತ ಜೋರು. ತಿದಿ ಸಣ್ಣಗಾಯಿತು, ನಾನೇ ಉಸಿರಾಡ್ತಿದ್ದೀನೇನೋ ಅನ್ನೋ ಅಷ್ಟು. ಹದಿನೇಳನೇ ಸರಪಳಿಗೆ ಅದು ಕೇಳಿಸಲಿಲ್ಲ. ಕಿವಿ ಚಾಚಿದೆ, ಇಲ್ಲ. ಊದೋದೂ ಇಲ್ಲ, ನಿಲ್ಲೋದೂ ಇಲ್ಲ. ಒಂದು ಗುಬ್ಬಿ ಮಾತ್ರ ತಗಡಿನ ಮೇಲೆ ಕುಣೀತಿತ್ತು. ಅಷ್ಟಾದ ಮೇಲೂ ನಾನು ತಟ್ಟೆ ಎತ್ತಿ ಢಣ್ ಅಂತ ಬಡಿದೆ. ಹದಿನಾರು ವರ್ಷದಲ್ಲಿ ನಾನು ಹೇಳಿದ ಒಂದೇ ಒಂದು ಸುಳ್ಳು ಅಳತೆ ಅದು. ಆ ಹದಿನೆಂಟನೇ ಸರಪಳಿ ನಂದು, ನನಗೋಸ್ಕರ ಅಂತ ಇಟ್ಕೊಂಡೆ. ದೇವರು ಕೇಳಿದರೆ ಲಂಚ ಅಂತ ಬರ್ಕೊಳ್ಳಲಿ.

ಹದಿನೆಂಟನೇ ಸರಪಳಿ ಮುಗಿಯೋದು ಊರಾಚೆ ಹಳೇ ಸುಂಕದಕಟ್ಟೆ ಹತ್ತಿರ. ಸಾಹೇಬರು ಅಲ್ಲೇ ಕಲ್ಲಿನ ಮೇಲೆ ಕೂತು ತೀರ್ಪು ಬರೆಸಿದರು. ಹತ್ತು ಸರಪಳಿ ನಿಯಮ, ಅದರ ತಿದ್ದುಪಡಿ ಎರಡೂ ರದ್ದು. ಬೋರಲಿಂಗ ಸುಂಕದಕಟ್ಟೆಯಲ್ಲಿ ಕಾಯಂ ವಾಸ ಇರಬೇಕು, ಅಲ್ಲಿಂದ ಒಳಗೆ ಬರಕೂಡದು, ಕಲಾಯಿ ಬೇಕಾದವರು ಪಾತ್ರೆ ತಾವೇ ಒಯ್ದು ಕೊಡಬೇಕು, ಕಾನ್‌ಸ್ಟೇಬಲ್ ಬೆಳಿಗ್ಗೆ ಸಂಜೆ ಹೋಗಿ ನೋಡಿ ಬರಬೇಕು. ಸ್ಕೂಲು ತನಗೆ ಇಷ್ಟ ಬಂದ ಕಡೆ ಹೋಗಬಹುದು. ನಿಯಮದ ಹೆಸರನ್ನ ಅರ್ಜಿದಾರಳಿಗೆ ವಾಪಸ್ ಕೊಡಲಾಗಿದೆ ಅಂತಲೂ ಬರೆಸಿದರು, ಝರೀನಾ ಅಮ್ಮನವರು ಆ ಸಾಲನ್ನ ಎರಡು ಸಲ ಓದಿಸಿದರು. ಬೋರಲಿಂಗ ಅವತ್ತೇ ನೂರ ನಲವತ್ತೆರಡನೇ ಗುಂಡಿ ತೋಡಿದನಂತೆ. ಮುಗಿಸಿ ಅದರ ಪಕ್ಕ ಕೂತು ಅತ್ತನಂತೆ. ನನಗೆ ಅದು ಕೇಳಿಸಲಿಲ್ಲ, ಅಷ್ಟು ದೂರ ಸರಿಯಾಗೇ ಇದೆ.

ಮೂರು ದಿನ ಬಿಟ್ಟು ಬೆಳಿಗ್ಗೆ ಏಣಿ ಹಾಕಿ ಬಚ್ಚಲಿನ ತಗಡು ಕಿತ್ತೆ. ಮೇಲಿನ ಹೆಂಚು ಇಳಿಸಿದೆ. ಅವನು ಸರಿಸುತ್ತಿದ್ದ ಆ ಹೆಂಚಿನ ಜಾಗಕ್ಕೆ ಸಂತೆಯಿಂದ ತಂದ ಗಾಜಿನ ಹೆಂಚು ಕೂರಿಸಿದೆ. ಒಳಗೆ ಬಂದು ನೋಡ್ತೀನಿ, ಹಂಡೆ ಮೇಲೆ, ಕಲ್ಲಿನ ಮೇಲೆ ಚೌಕವಾಗಿ ಬಿಸಿಲು ಬಿದ್ದಿದೆ. ಲಂಗ ಬಿಚ್ಚಿ ಗೂಟಕ್ಕೆ ಹಾಕಿದೆ. ಐದು ವರ್ಷ ಆಗಿತ್ತು ನನ್ನ ಮೊಣಕಾಲಿನ ಮಚ್ಚೆ ನಾನೇ ನೋಡಿ. ತಂಬಿಗೆ ಮೇಲೆ ತಂಬಿಗೆ ಸುರ್ಕೊಂಡೆ, ಹಾಡಿದೆ ಕೂಡ, ನನ್ನ ಕಂಠಕ್ಕೆ ಕತ್ತೆ ನಾಚಬೇಕು. ಅರ್ಧ ಸ್ನಾನದಲ್ಲಿ ನೆಲ ಅಲ್ಲಾಡಿತು. ತಂಬಿಗೆ ಉರುಳಿ ಹೋಯಿತು. ಹೊರಗೆ ಧಡ್, ಧಡ್ ಅಂತ ನಾಲ್ಕು ಹೆಜ್ಜೆ, ಆಮೇಲೆ ತೊಲೆಗಳು ಲಟಕ್ ಅಂದವು. ಸೀರೆ ಸುತ್ತಿಕೊಂಡು ಬಾಗಿಲು ಒಂದಿಷ್ಟೇ ತೆಗೆದೆ. ನನ್ನ ಹಿತ್ತಲಲ್ಲಿ, ಬಟ್ಟೆ ಒಣಹಾಕೋ ಹಗ್ಗದ ಆಚೆ, ಸ್ಕೂಲು ಬಂದು ಕೂತಿತ್ತು. ಕಿಟಕಿ ಬಾಗಿಲು ಎಲ್ಲಾನೂ ಬೀದಿ ಕಡೆಗೆ ತಿರುಗಿಸಿ, ಬಚ್ಚಲುಮನೆಗೆ ಪೂರಾ ಬೆನ್ನು ಹಾಕಿ ಕೂತಿತ್ತು. ಆಚೆ ಕಡೆಯಿಂದ ಮಕ್ಕಳ ದನಿ ಕೇಳ್ತಿತ್ತು, ಒಂದೂ ಇತ್ತ ಇಣುಕಲಿಲ್ಲ. ನಾನು ಒಳಗೆ ಹೋಗಿ ಬಿಸಿಲಲ್ಲಿ ನಿಂತು, ನಿಧಾನಕ್ಕೆ, ಉಳಿದ ಸ್ನಾನ ಮುಗಿಸಿದೆ. ಆಮೇಲೆ ಒದ್ದೆ ಕೂದಲಲ್ಲೇ ಪುರಿ ಡಬ್ಬ ಎತ್ತಿಕೊಂಡು ಹೊರಗೆ ಓಡಿದೆ. ಅವತ್ತು ಸೋಮವಾರ, ಪುರಿ ಇನ್ನೂ ಗರಿಗರಿಯಾಗಿತ್ತು.